ತಂಡದ ಒಡೆತನವೂ ವಿದ್ಯಾನಿಲಯದ ಕ್ರೀಡಾಂಗಣವೂ

‘ನಮ್ಮದು’ ಎಂಬುದು ಮನುಷ್ಯನು ಆಡುವ ಮಾತುಗಳಲ್ಲಿ ಬಹು ಹಳೆಯದು. ಬಹು ಅಸ್ಪಷ್ಟವಾದುದೂ ಹೌದು. ‘ನಮ್ಮ ತಂದೆ’ ಎನ್ನುತ್ತೇವೆ, ‘ನಮ್ಮ ಊರು’ ಎನ್ನುತ್ತೇವೆ, ‘ನಮ್ಮ ಎಮ್ಮೆ’ ಎಂದೂ ಅನ್ನುತ್ತೇವೆ. ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಬಹುದು. ಊರನ್ನು ಮಾರಲಾಗದು. ತಂದೆಯ ವಿಷಯವನ್ನು ಹೇಳಬೇಕಾದುದೇ ಇಲ್ಲ. ಆದರೂ ಮೂರಕ್ಕೂ ಒಂದೇ ವಿಭಕ್ತಿ ಸಾಕಾಗುತ್ತದೆ. ವ್ಯಾಕರಣವು ಈ ಭೇದವನ್ನು ನಮ್ಮ ವಿವೇಕಕ್ಕೆ ಬಿಟ್ಟಿದೆ.

ಪೂರ್ವಮೀಮಾಂಸಕರು ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನ ಮಾಡಬೇಕೆಂಬ ವಿಧಿಯುಂಟು. ‘ಸ್ವ’ ಎಂಬ ಶಬ್ದಕ್ಕೆ ತಾನು, ತನ್ನವನು, ಬಂಧು, ಧನ ಎಂಬ ಅರ್ಥಗಳೆಲ್ಲ ಇರುವುದರಿಂದ, ಹಾಗಾದರೆ ತಂದೆತಾಯಿಗಳನ್ನೂ ಕೊಡಬೇಕೇ ಎಂಬ ಪ್ರಶ್ನೆ ಹುಟ್ಟಿತು. ಜೈಮಿನಿಯು ಆರನೆಯ ಅಧ್ಯಾಯದಲ್ಲಿ, ಕೊಡಲಾಗದು, ಯಾರ ಮೇಲೆ ಪ್ರಭುತ್ವವಿದೆಯೋ ಅದನ್ನಷ್ಟೇ ಕೊಡಬಹುದು ಎಂದು ನಿರ್ಣಯಿಸುತ್ತಾನೆ. ಅಲ್ಲಿಗೇ ನಿಲ್ಲದೆ, ಚಕ್ರವರ್ತಿಯೇ ಯಜಮಾನನಾದರೂ ಭೂಮಂಡಲವನ್ನು ದಾನವಾಗಿ ಕೊಡುವಂತಿಲ್ಲ, ಏಕೆಂದರೆ ನೆಲವು ಎಲ್ಲರಿಗೂ ಸಮಾನವಾದುದು ಎಂದು ಮುಂದುವರಿಸುತ್ತಾನೆ. ರಾಜನಿಗಿರುವುದು ರಕ್ಷಣೆಯ ಅಧಿಕಾರವೇ ಹೊರತು ಮಾರುವ ಅಧಿಕಾರವಲ್ಲವೆಂಬುದು ಇದರ ತಾತ್ಪರ್ಯ. ಯಾಗಶಾಲೆಯ ಈ ಚರ್ಚೆಯಿಂದ ಇಂದಿನ ಚೆಂಡಾಟದ ಅಂಗಳಕ್ಕೆ ಬಂದು ಸೇರುವುದು ವಾಚಕರಿಗೆ ಸೋಜಿಗವೆನಿಸಬಹುದು. ಪ್ರಶ್ನೆ ಮಾತ್ರ ಎರಡು ಕಡೆಯೂ ಒಂದೇ.

2008ರಲ್ಲಿ ಬೆಂಗಳೂರಿನ ಹೆಸರನ್ನು ಹೊತ್ತ ಕ್ರಿಕೆಟ್ ತಂಡವನ್ನು ಮದ್ಯೋದ್ಯಮದ ಸಂಸ್ಥೆಯೊಂದು ಹರಾಜಿನಲ್ಲಿ 11 ಕೋಟಿ 16 ಲಕ್ಷ ಡಾಲರುಗಳಿಗೆ ಕೊಂಡಿತು. ಕೊಂಡವರು ಅದನ್ನು ತಮ್ಮದೆಂದರು. ಪತ್ರಗಳೂ ಹಾಗೆಯೇ ಹೇಳುತ್ತಿದ್ದವು. ಆದರೆ ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಕೂಗಿದವರು ಪತ್ರಗಳಲ್ಲಿ ಎಲ್ಲಿಯೂ ಇಲ್ಲದ ಸಾಮಾನ್ಯ ಜನರು. ಹದಿನೆಂಟನೆಯ ಪ್ರಯತ್ನದಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ತಂಡವು ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನರು ಪ್ರಾಣ ಕಳೆದುಕೊಂಡರು. ಅವರು ನೋಡಬಂದ ತಂಡದಲ್ಲಿ ಅವರಿಗೆ ಕಾಸಿನ ಪಾಲೂ ಇರಲಿಲ್ಲ. ಆದರೂ ಅದು ಅವರದಲ್ಲವೆಂದು ಹೇಳಲು ಯಾರ ನಾಲಗೆ ಏಳುತ್ತದೆ?

ಈ ಪ್ರಶ್ನೆಯು ಅತ್ಯಂತ ಸ್ಪಷ್ಟರೂಪವನ್ನು ತಾಳಿರುವುದು ಅಮೆರಿಕಾ ದೇಶದಲ್ಲಿ. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿಯೇ ಹಿಡಿದು ಓಡುವ ಆಟ. ಬಾಲ್ಟಿಮೋರ್ ನಗರದಲ್ಲಿ ಈ ಆಟದ ‘ಕೋಲ್ಟ್ಸ್’ ಎಂಬ ತಂಡವಿದ್ದಿತು. ಒಡೆಯನು ತಂಡವನ್ನು ಬೇರೆಡೆಗೆ ಒಯ್ಯುವನೆಂಬ ಶಂಕೆಯಿಂದ, ಮೇರಿಲೆಂಡ್ ಸಂಸ್ಥಾನದ ಶಾಸನಸಭೆಯಲ್ಲಿ, ರಸ್ತೆಗೋ ಕೆರೆಗೋ ಸರಕಾರವು ಭೂಮಿಯನ್ನು ವಶಪಡಿಸಿಕೊಳ್ಳುವಂತೆ ತಂಡವನ್ನೂ ವಶಪಡಿಸಿಕೊಳ್ಳುವ ಅಧಿಕಾರವನ್ನು ನಗರಕ್ಕೆ ಕೊಡುವ ಮಸೂದೆ ಹೊರಟಿತು. ಇದನ್ನರಿತ ಒಡೆಯನು 1984ರ ಮಾರ್ಚ್ 28ರ ರಾತ್ರಿ ಸಾಮಾನು ಸಾಗಿಸುವ ಲಾರಿಗಳನ್ನು ತರಿಸಿ, ಪೋಷಾಕು, ಉಪಕರಣ, ದಾಖಲೆಗಳೆಲ್ಲವನ್ನೂ ತುಂಬಿಸಿ, ಬೆಳಗಾಗುವಷ್ಟರಲ್ಲಿ ಇಂಡಿಯಾನಾಪೊಲಿಸ್ ನಗರದ ಹಾದಿ ಹಿಡಿಸಿದನು. ತಂಡವು ಎಲ್ಲೆ ದಾಟಿದ್ದುದರಿಂದ ವಶಪಡಿಸಿಕೊಳ್ಳುವ ಅಧಿಕಾರ ಉಳಿಯಲಿಲ್ಲವೆಂದು ನ್ಯಾಯಾಲಯವು ಮುಂದೆ ತೀರ್ಪಿತ್ತಿತು. ನ್ಯಾಯದ ಕಣ್ಣಿಗೆ ತಂಡವು ಎಮ್ಮೆಯೇ ಆಗಿದ್ದಿತು.

ಆದರೆ ಆ ಲಾರಿಗಳಲ್ಲಿ ತುಂಬಲಾಗದೆ ಉಳಿದುದೊಂದಿತ್ತು. ತಂಡದ ವಾದ್ಯಮೇಳದವರು ಚದುರದೆ, ಮುಂದಿನ ಹನ್ನೆರಡು ವರ್ಷಗಳ ಕಾಲ, ಬಾರಿಸುವುದಕ್ಕೆ ತಮ್ಮ ತಂಡವೇ ಇಲ್ಲದಿದ್ದರೂ ಬಾರಿಸುತ್ತಲೇ ಇದ್ದರು. ಇದನ್ನು ಹುಚ್ಚೆನ್ನುವವರು ಎನ್ನಲಿ. ನನಗೆ ಇದು ಸ್ವತ್ವಸಂಬಂಧಕ್ಕೂ ಬಾಂಧವ್ಯಕ್ಕೂ ಇರುವ ಅಂತರವನ್ನು ಯಾವ ಭಾಷ್ಯಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಇದರ ಉತ್ತರಭಾಗ ಇನ್ನೂ ವಿಚಿತ್ರವಾದುದು. 1995ರ ನವೆಂಬರಿನಲ್ಲಿ ಕ್ಲೀವ್‌ಲೆಂಡ್ ನಗರದ ತಂಡದ ಒಡೆಯನು, ತಂಡವನ್ನು ಇದೇ ಬಾಲ್ಟಿಮೋರಿಗೆ ಒಯ್ಯುವುದಾಗಿ ಸಾರಿದನು. ಕಳೆದುಕೊಂಡು ಅತ್ತವರು ಈಗ ಕಸಿದುಕೊಳ್ಳುವವರಾದರು. ಕ್ಲೀವ್‌ಲೆಂಡಿನವರು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಆದ ಒಪ್ಪಂದದಂತೆ ಆಟಗಾರರೂ ಒಡೆಯನೂ ಹೋಗಬಹುದು. ಹೆಸರು, ಬಣ್ಣ, ಗೆಲುವು ಸೋಲುಗಳ ಚರಿತ್ರೆ ಮಾತ್ರ ಊರಿನಲ್ಲಿಯೇ ಉಳಿಯತಕ್ಕದ್ದು. 1999ರಲ್ಲಿ ಆ ಹೆಸರಿನಿಂದಲೇ ಅಲ್ಲಿ ಹೊಸ ತಂಡವೊಂದು ಆಡತೊಡಗಿತು. ಜೈಮಿನಿಯ ಹೆಸರನ್ನೇ ಕೇಳದ ವಕೀಲರು, ಕೊಡಬಹುದಾದ ‘ಸ್ವ’ವನ್ನೂ ಕೊಡಬಾರದ ‘ಸ್ವ’ವನ್ನೂ ಹೀಗೆ ಬೇರ್ಪಡಿಸಿದರು.

ಒಡೆಯನೇ ಇಲ್ಲದಿದ್ದರೆ? ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಎಂಬುದು ಇಂದಿಗೂ ಒಂದು ಲಕ್ಷಕ್ಕೆ ಸ್ವಲ್ಪ ಹೆಚ್ಚು ಜನಸಂಖ್ಯೆಯುಳ್ಳ ಸಣ್ಣ ನಗರ. 1919ರಲ್ಲಿ ಹುಟ್ಟಿದ ಅಲ್ಲಿಯ ‘ಪ್ಯಾಕರ್ಸ್’ ತಂಡವು ಹಣವಿಲ್ಲದೆ ಮುಳುಗುವ ಸ್ಥಿತಿಗೆ ಬಂದಾಗ, 1923ರಲ್ಲಿ ಊರಿನವರೇ ತಲಾ 5 ಡಾಲರುಗಳ ಷೇರುಗಳನ್ನು ಕೊಂಡು ಅದನ್ನು ಉಳಿಸಿಕೊಂಡರು. ಅನಂತರವೂ ಹಲವು ಸಲ ಷೇರುಗಳ ಮಾರಾಟವಾಗಿದೆ. 2021ರ ಮಾರಾಟದಲ್ಲಿ ಒಂದರ ಬೆಲೆ 300 ಡಾಲರು. ಇಂದು ಐದು ಲಕ್ಷಕ್ಕೂ ಮಿಕ್ಕಿ ಜನರು ಪಾಲುದಾರರು. ಆದರೆ ಆ ಷೇರಿಗೆ ಲಾಭಾಂಶವಿಲ್ಲ, ಬೆಲೆಯೇರಿಕೆಯಿಲ್ಲ. ಹೊರಗಿನವರಿಗೆ ಮಾರುವಂತೆಯೂ ಇಲ್ಲ. ಧರ್ಮಶಾಸ್ತ್ರಜ್ಞರು ಸ್ವತ್ವವನ್ನು ‘ಯಥೇಷ್ಟವಿನಿಯೋಗ’ಕ್ಕೆ, ಎಂದರೆ ಮನಬಂದಂತೆ ಬಳಸುವುದಕ್ಕೆ, ಇರುವ ಅರ್ಹತೆಯೆಂದು ವಿವರಿಸುತ್ತಾರೆ. ಆ ಲಕ್ಷಣದಿಂದ ನೋಡಿದರೆ ಈ ಐದು ಲಕ್ಷ ಜನರಿಗೆ ಯಾವ ಸ್ವತ್ವವೂ ಇಲ್ಲ. ಗೋಡೆಗೆ ತೂಗುಹಾಕುವ ಒಂದು ಹಾಳೆಯುಂಟು. ಅದೇ ಕಾರಣದಿಂದ ಆ ತಂಡವನ್ನು ರಾತ್ರೋರಾತ್ರಿ ಲಾರಿಗೆ ತುಂಬಬಲ್ಲವರೂ ಯಾರೂ ಇಲ್ಲ. ಇಂತಹ ಒಡೆತನವನ್ನು ಇತರ ತಂಡಗಳು ಅನುಸರಿಸದಂತೆ ಅಲ್ಲಿಯ ತಂಡಗಳ ಒಕ್ಕೂಟವೇ ನಿಯಮ ಮಾಡಿಕೊಂಡಿದೆಯೆಂಬುದನ್ನು ಗಮನಿಸಬೇಕು.

ಹಾಗೆಂದು ಗ್ರೀನ್ ಬೇಯನ್ನು ಋಷ್ಯಾಶ್ರಮವೆಂದು ತಿಳಿಯಬೇಕಾಗಿಲ್ಲ. ಅಲ್ಲಿಯೂ ಆಟಗಾರರಿಗೆ ಕೋಟಿಗಟ್ಟಲೆ ಸಂಬಳವುಂಟು. ಋತುವಿನ ಟಿಕೆಟಿಗಾಗಿ ಕಾದಿರುವವರ ಪಟ್ಟಿಯಲ್ಲಿ ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಒಡೆಯನಿಲ್ಲದ ಮಾತ್ರಕ್ಕೆ ಲೋಭವು ಇಲ್ಲವಾಗುವುದಿಲ್ಲವೆಂಬುದನ್ನು ವಿಶ್ವವಿದ್ಯಾನಿಲಯಗಳನ್ನು ನೋಡಿ ಕಲಿಯಬೇಕು.

ವಿಶ್ವವಿದ್ಯಾನಿಲಯಕ್ಕೂ ಖಾಸಗಿ ಒಡೆಯನಿಲ್ಲ, ಲಾಭ ಹಂಚಿಕೊಳ್ಳುವವರಿಲ್ಲ. ಆದರೂ ಅಮೆರಿಕಾದ ವಿದ್ಯಾಪೀಠಗಳು ತಂಡಗಳನ್ನು ಕಟ್ಟಿ, ಸಂಬಳಕ್ಕೆ ತರಬೇತುದಾರರನ್ನಿಟ್ಟು, ನಗರಗಳನ್ನು ನಾಚಿಸುವ ಕ್ರೀಡಾಂಗಣಗಳನ್ನು ಎಬ್ಬಿಸುತ್ತವೆ. ಕೊಲರಾಡೋ ಸಂಸ್ಥಾನದ ಫೋರ್ಟ್ ಕಾಲಿನ್ಸ್ ಊರಿನ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಬೆಟ್ಟದ ತಪ್ಪಲಿನಲ್ಲಿ, ಶಾಲೆಯಿಂದ ಕೆಲವು ಮೈಲಿ ದೂರದಲ್ಲಿ, 1968ರಲ್ಲಿ ಕಟ್ಟಿದ ಕ್ರೀಡಾಂಗಣವಿದ್ದಿತು. ಅದನ್ನು ಬಿಟ್ಟು ವಿದ್ಯಾನಿಲಯದ ಆವರಣದೊಳಗೇ ಹೊಸದನ್ನು ಕಟ್ಟಬೇಕೆಂಬ ವಾದವು ಹಲವು ವರ್ಷ ನಡೆದು, 2014ರ ಕೊನೆಯಲ್ಲಿ ಆಡಳಿತಮಂಡಳಿಯ ಒಪ್ಪಿಗೆ ದೊರೆಯಿತು. ಸುಮಾರು 22 ಕೋಟಿ ಡಾಲರುಗಳ ಕಟ್ಟಡವು 2017ರಲ್ಲಿ ತೆರೆಯಿತು. ಹಣವನ್ನು ಬಹುಭಾಗ ಸಾಲಪತ್ರಗಳ ಮೂಲಕ ಎತ್ತಲಾಯಿತು. ಮರುವರ್ಷ ಕಟ್ಟಡಕ್ಕೆ ಹೆಸರಿಡುವ ಹಕ್ಕನ್ನು ಸಾಲಸಹಕಾರ ಸಂಸ್ಥೆಯೊಂದು ಹಣ ಕೊಟ್ಟು ಪಡೆಯಿತು. ಬಿಟ್ಟುಬಂದ ಹಳೆಯ ಸ್ಥಳವನ್ನು ಬಯಲಾಗಿಯೇ ಉಳಿಸಬೇಕೆಂದು ಊರಿನವರು 2021ರಲ್ಲಿ ಮತ ನೀಡಿದರು.

ಕಟ್ಟಬೇಕೆಂದವರ ವಾದವನ್ನು ತಾತ್ಸಾರ ಮಾಡಬಾರದು. ಸರಕಾರದ ನೆರವು ಕುಗ್ಗುತ್ತ ಬಂದಿದೆ. ದೂರದ ವಿದ್ಯಾರ್ಥಿಗಳು ಹೆಚ್ಚಿನ ಶುಲ್ಕ ಕೊಟ್ಟು ಬರಬೇಕಾದರೆ ವಿದ್ಯಾನಿಲಯದ ಹೆಸರು ಕೇಳಿಬರಬೇಕು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಆವರಣದೊಳಗೆ ಕಾಲಿಡಬೇಕು ಎಂಬುದು ಅವರ ಮಾತು. ವಿರೋಧಿಸುವವರು, ತಮ್ಮ ಊರಿನ ಪಂದ್ಯಗಳು ವರ್ಷಕ್ಕೆ ಆರೋ ಏಳೋ ಮಾತ್ರ, ಏಳು ದಿನಗಳಿಗಾಗಿ ಇಷ್ಟು ದೊಡ್ಡ ಮನೆಯೇ ಎನ್ನುತ್ತಾರೆ. ಈ ಆಕ್ಷೇಪವು ನನಗೆ ಅಷ್ಟಾಗಿ ಹಿಡಿಸದು. ನಮ್ಮ ಊರುಗಳ ತೇರು ವರ್ಷಕ್ಕೆ ಒಂದೇ ದಿನ ಹೊರಬರುತ್ತದೆ; ಉಳಿದ ದಿನಗಳಲ್ಲಿ ತಗಡಿನ ಮರೆಯಲ್ಲಿ ನಿಂತಿರುತ್ತದೆ. ಅದನ್ನು ದುಂದೆಂದು ಯಾವ ಬಡವನೂ ಹೇಳಿದುದನ್ನು ನಾನು ಕೇಳಿಲ್ಲ. ಜನರು ಒಂದೆಡೆ ನೆರೆದು ‘ನಮ್ಮದು’ ಎನ್ನುವ ದಿನಕ್ಕೆ ತೂಕವುಂಟು. ಆದರೆ ತೇರಿನ ಹಗ್ಗಕ್ಕೆ ಬಂದವರೆಲ್ಲರೂ ಕೈಹಾಕುತ್ತಾರೆ. ಇಲ್ಲಿ ಇಪ್ಪತ್ತೆರಡು ಜನರು ಓಡುತ್ತಾರೆ, ಮೂವತ್ತಾರು ಸಾವಿರ ಜನರು ಕುಳಿತಿರುತ್ತಾರೆ. ತೇರನ್ನು, ಇನ್ನೂ ಹುಟ್ಟದಿರುವ ವಿದ್ಯಾರ್ಥಿಗಳ ಕಾಲದವರೆಗೂ ತೀರಿಸಬೇಕಾದ ಸಾಲದ ಮೇಲೆ ಕಟ್ಟುವುದೂ ಇಲ್ಲ. ಆಟದ ಬಯಲು ಬೇರೆ, ಪ್ರೇಕ್ಷಕಾಗಾರ ಬೇರೆ. ಮೊದಲನೆಯದಿಲ್ಲದ ಶಾಲೆಯನ್ನು ನಾನು ಶಾಲೆಯೆನ್ನಲಾರೆ. ಎರಡನೆಯದನ್ನು ಕಟ್ಟುವಾಗ ಮೊದಲನೆಯದರ ಹೆಸರನ್ನು ಹೇಳುವುದು ಸರಿಯಲ್ಲ.

ಇದಕ್ಕಿಂತ ಗುರುತರವಾದ ಆಕ್ಷೇಪವು ಆಡುವ ಹುಡುಗನನ್ನು ಕುರಿತದ್ದು. ನಮ್ಮ ಸಂಪ್ರದಾಯದಲ್ಲಿ ಅಂತೇವಾಸಿಯು ಮಗನಿಗೆ ಸಮಾನ. ಗುರುವಿನ ‘ಸ್ವ’ ಅವನು ಬಂಧುವಿನ ಅರ್ಥದಲ್ಲಿಯೇ ಹೊರತು ಧನದ ಅರ್ಥದಲ್ಲಿ ಅಲ್ಲ. ಅಮೆರಿಕಾದ ವಿದ್ಯಾಪೀಠಗಳು ಬಹುಕಾಲ ಈ ಶ್ಲೇಷೆಯಿಂದಲೇ ಬದುಕಿದವು. ಟಿಕೆಟು ಮಾರುವಾಗ, ದೂರದರ್ಶನದ ಹಕ್ಕು ಮಾರುವಾಗ, ಹುಡುಗನು ಸ್ವತ್ತು. ಅವನು ಪಾಲು ಕೇಳಿದಾಗ, ಅಯ್ಯೋ, ನೀನು ನಮ್ಮ ವಿದ್ಯಾರ್ಥಿಯಲ್ಲವೇ ಎಂಬ ಮಮತೆ. 2021ರವರೆಗೂ ಅವನು ತನ್ನ ಹೆಸರಿನಿಂದ ತಾನೇ ಗಳಿಸುವಂತಿರಲಿಲ್ಲ. 2025ರ ಜುಲೈ ತಿಂಗಳಿನಿಂದ ವಿದ್ಯಾಪೀಠಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂದಾಗಿದೆ. ಮೊದಲ ವರ್ಷಕ್ಕೆ ಒಂದೊಂದು ವಿದ್ಯಾಪೀಠದ ಮಿತಿ ಸುಮಾರು 2 ಕೋಟಿ ಡಾಲರು. ಅನ್ಯಾಯವು ಸ್ವಲ್ಪ ತಗ್ಗಿತೆನ್ನಬೇಕು. ಆದರೆ ಶ್ಲೇಷೆ ಬಿಡಿಸಿಹೋದ ಮೇಲೆ ಉಳಿದ ಅರ್ಥ ಯಾವುದು? ಕೂಲಿಯನ್ನು ನ್ಯಾಯವಾಗಿ ಕೊಡುವ ಒಡೆಯನು ಒಳ್ಳೆಯ ಒಡೆಯನಾದಾನು, ಅಷ್ಟರಿಂದ ಗುರುವಾಗಲಾರನು.

ಒಂದು ವಿದ್ಯಾಪೀಠವು ಈ ದಾರಿಯಿಂದ ಹಿಂತಿರುಗಿತು. ಶಿಕಾಗೋ ವಿಶ್ವವಿದ್ಯಾನಿಲಯವು 1890ರಲ್ಲಿ ಸ್ಥಾಪಿತವಾದುದು. ಅದರ ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಸ್ವತಃ ಹೀಬ್ರೂ ಭಾಷೆಯ ವಿದ್ವಾಂಸ. ಆದರೂ ಹೊಸ ವಿದ್ಯಾಪೀಠಕ್ಕೆ ಹೆಸರು ಬರಲೆಂದು ಎಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ತರಬೇತುದಾರನನ್ನು ಪ್ರಾಧ್ಯಾಪಕನ ಸ್ಥಾನಮಾನವಿತ್ತು ಕರೆತಂದನು. ತಂಡವು ಪ್ರಖ್ಯಾತವಾಯಿತು, ದೊಡ್ಡ ಕ್ರೀಡಾಂಗಣವೆದ್ದು ಅದಕ್ಕೆ ಸ್ಟ್ಯಾಗನ ಹೆಸರೇ ಬಂದಿತು. 1929ರಲ್ಲಿ ಮೂವತ್ತು ವಯಸ್ಸಿನ ರಾಬರ್ಟ್ ಹಚಿನ್ಸ್ ಅಧ್ಯಕ್ಷನಾದನು. ಅವನ ದೃಷ್ಟಿ ಗ್ರಂಥಗಳ ಕಡೆಗೆ, ವಾದವಿಚಾರಗಳ ಕಡೆಗೆ. ತಂಡವು ಕ್ಷೀಣಿಸಿತು, 1939ರಲ್ಲಿ ಮಿಷಿಗನ್ನಿನ ತಂಡದ ಎದುರು 85ಕ್ಕೆ ಸೊನ್ನೆಯ ಸೋಲು. ಆ ವರ್ಷದ ಡಿಸೆಂಬರಿನಲ್ಲಿ ಫುಟ್‌ಬಾಲನ್ನೇ ನಿಲ್ಲಿಸಲಾಯಿತು. ಗೆಲ್ಲುತ್ತಿದ್ದರೆ ನಿಲ್ಲಿಸುವ ಧೈರ್ಯ ಬರುತ್ತಿತ್ತೇ ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ, ವಿದ್ಯೆಯು ಆಟವನ್ನು ಗೆದ್ದಿತೆಂದು ಬರೆದು ಲೇಖನಿಯನ್ನು ಕೆಳಗಿಡಬಹುದಿತ್ತು. ಆದರೆ ಬರಿದಾದ ಆ ಕ್ರೀಡಾಂಗಣದ ಪಶ್ಚಿಮದ ಸೋಪಾನಪಂಕ್ತಿಯ ಕೆಳಗೆ ಚೆಂಡಾಡುವ ಒಂದು ಒಳಕೋಣೆಯಿದ್ದಿತು. ಯುದ್ಧಕಾಲದಲ್ಲಿ ಎನ್ರಿಕೊ ಫರ್ಮಿಯೂ ಅವನ ಸಂಗಡಿಗರೂ ಅಲ್ಲಿ ಗ್ರಾಫೈಟಿನ ಇಟ್ಟಿಗೆಗಳನ್ನೂ ಯುರೇನಿಯಮ್ಮನ್ನೂ ಪದರ ಪದರವಾಗಿ ಪೇರಿಸಿ, 1942ರ ಡಿಸೆಂಬರ್ 2ರಂದು, ಮಹಾನಗರದ ನಡುವೆಯೇ, ಪರಮಾಣುವಿನ ಸರಣಿಕ್ರಿಯೆಯನ್ನು ಮೊದಲ ಸಲ ಸಾಧಿಸಿದರು. ಊರಾಚೆಯ ಅರಣ್ಯದಲ್ಲಿ ನಡೆಯಬೇಕಾಗಿದ್ದ ಪ್ರಯೋಗವು ಅಲ್ಲಿ ಕಟ್ಟಡದ ಕೆಲಸ ತಡವಾದುದರಿಂದ ಇಲ್ಲಿಗೆ ಬಂದಿತು. ಮೂರು ವರ್ಷಗಳೊಳಗೆ ಹಿರೋಷಿಮಾ ನಾಗಸಾಕಿಗಳು ಉರಿದವು. ಪ್ರೇಕ್ಷಕರ ಕೂಗು ಅಡಗಿದ ಜಾಗದಲ್ಲಿ ನಡೆದುದು ಶುದ್ಧ ವಿದ್ಯೆಯೇ. ಬಾಂಬನ್ನು ನಗರಗಳ ಮೇಲೆ ಹಾಕಬೇಡಿರೆಂದು 1945ರ ಜೂನಿನಲ್ಲಿ ಜೇಮ್ಸ್ ಫ್ರಾಂಕನ ಮುಂದಾಳುತನದಲ್ಲಿ ಬಿನ್ನಹ ಬರೆದವರೂ ಅದೇ ವಿದ್ಯಾನಿಲಯದ ಪ್ರಯೋಗಶಾಲೆಯವರೇ. ವಿದ್ಯಾನಿಲಯದ ನೆಲದಲ್ಲಿ ಆಟಕ್ಕಿಂತ ಪಾಠವು ಯಾವಾಗಲೂ ನಿರ್ದೋಷಿಯೆಂದು ನಂಬಿದ್ದ ನಾನು ಈ ಸಂಗತಿಯನ್ನು ತಿಳಿದ ಮೇಲೆ ಆ ನಂಬಿಕೆಯನ್ನು ಹಾಗೆಯೇ ಉಳಿಸಿಕೊಳ್ಳಲಾರದೆ ಹೋದೆನು.

ಆದರೂ ನನ್ನನ್ನು ಕೇಳಿದರೆ, ವಿದ್ಯಾನಿಲಯವು ಕ್ರೀಡಾಂಗಣವನ್ನು ಸಾಲ ಮಾಡಿ ಕಟ್ಟಕೂಡದೆಂದೇ ಹೇಳುವೆನು. ಆಟ ಕೀಳೆಂಬ ಕಾರಣದಿಂದಲ್ಲ. ವಿದ್ಯಾನಿಲಯಕ್ಕೆ ತನ್ನ ವಿದ್ಯಾರ್ಥಿಗಳ ಮೇಲಿರುವುದು ರಾಜನಿಗೆ ನೆಲದ ಮೇಲಿರುವಂತಹ ಅಧಿಕಾರ; ಪಾಲಿಸಬಹುದು, ಒತ್ತೆಯಿಡಲಾಗದು. ಮುಂದೆ ಬರುವ ಹುಡುಗರ ಶುಲ್ಕವನ್ನೂ ಈಗಿನ ಹುಡುಗರ ಮೈಬಲವನ್ನೂ ನೆಚ್ಚಿ ಸಾಲ ಎತ್ತಿದಾಗ ಒತ್ತೆಯಾಗುವುದು ಅದೇ.

ಶಿಕಾಗೋದಲ್ಲಿ ಹಳೆಯ ಸೋಪಾನಪಂಕ್ತಿಗಳನ್ನು 1957ರಲ್ಲಿ ಕೆಡವಿದರು. ಆ ಸ್ಥಳದಲ್ಲಿ 1970ರಲ್ಲಿ ದೊಡ್ಡ ಗ್ರಂಥಾಲಯವೊಂದು ತೆರೆಯಿತು. ಅದಕ್ಕೆ ಒಂದು ವರ್ಷ ಮುಂಚೆ ಫುಟ್‌ಬಾಲ್ ಆಟವೂ ಅಲ್ಲಿಗೆ ಮರಳಿ ಬಂದಿತ್ತು. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ವಿದ್ಯಾಪೀಠಗಳ ವರ್ಗದಲ್ಲಿ ಆ ತಂಡವು ಇಂದಿಗೂ ಆಡುತ್ತಿದೆ. ಗ್ರಂಥಾಲಯದಿಂದ ಸ್ವಲ್ಪ ದೂರದಲ್ಲಿ, ಸ್ಟ್ಯಾಗನ ಹೆಸರನ್ನೇ ಹೊತ್ತ ಸಣ್ಣ ಬಯಲಿನಲ್ಲಿ, ಶರತ್ಕಾಲದ ಶನಿವಾರಗಳಂದು ಹುಡುಗರು ಓಡುತ್ತಾರೆ. ನೋಡುವವರ ಆಸನಗಳು ಕೆಲವೇ.