ತಗಡು ಹಾರಿದ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ

*ಇಂದಿನ ಧಮ್ಮ ಚಿಂತನೆ*





ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಕಮಲಾಪುರ, ಹೊಸಪೇಟೆ, ಕಂಪ್ಲಿ ಕಡೆ ಗಾಳಿಮಳೆ ಹೊಸದಲ್ಲ. ಭರಣಿ, ಕೃತಿಕಾ ಮಳೆ ಅಂದರೆ ಆಸೆಯೂ ಹೌದು, ಅಂಜಿಕೆಯೂ ಹೌದು. ಒಂದು ತಾಸಿನ ಗಾಳಿಗೆ ಗೊನೆ ಹೊತ್ತ ಬಾಳೆ ಸಾಲುಸಾಲಾಗಿ ಮಲಗುತ್ತದೆ. ಕೇರಿಯಲ್ಲಿ ತಗಡು ಹಾರುತ್ತವೆ. ಮರುದಿನ ಬೆಳಿಗ್ಗೆ ತಗಡು ಹೋದ ಮನೆಯ ಮುಂದೆ ನಾಲ್ಕು ಜನ ನಿಂತು ಕೇಳುವ ಮೊದಲ ಮಾತು ಒಂದೇ: ಇದು ಇವರ ಮನೆಗೇ ಯಾಕೆ ಆಯಿತು? ಇವತ್ತಿನ ಚಿಂತನೆ ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಬಗ್ಗೆ.

ಹೋದ ವಾರದ ಗಾಳಿಗೆ ನಮ್ಮ ಸಾಲಿನಲ್ಲಿ ಮೂರು ಮನೆಗಳ ತಗಡು ಹೋದವು. ಅದರಲ್ಲಿ ನಮ್ಮದೂ ಒಂದು. ಪಡಸಾಲೆಯ ಮೇಲಿದ್ದ ಆರು ತಗಡುಗಳಲ್ಲಿ ನಾಲ್ಕು ಕಿತ್ತುಹೋದವು. ಜೋಳದ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ತೊಯ್ದವು. ಗೋಡೆಯ ಮೇಲಿದ್ದ ಭಗವಾನ್ ಬುದ್ಧರ, ಬಾಬಾಸಾಹೇಬರ ಫೋಟೊಗಳೂ ನೀರು ಕುಡಿದು ಉಬ್ಬಿದವು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ದೊಡ್ಡದು.

ನಮ್ಮ ಅತ್ತೆ ದೀಕ್ಷೆ ತೆಗೆದುಕೊಂಡವರಲ್ಲ. ಆ ಫೋಟೊ ಒರೆಸುತ್ತಲೇ ಮೆಲ್ಲಗೆ ಅಂದರು: "ಹುಲಿಗಿ ಅಮ್ಮನ್ನ ಬಿಟ್ರಿ, ಅಮ್ಮಗ ಸಿಟ್ಟು ಬಂದೈತಿ. ಹೊಸ ತಗಡು ಹಾಕೂಕಿಂತ ಮೊದ್ಲು ಒಂದು ಮರಿ ಕೊಟ್ಟು ಬರೂಣು ಯವ್ವಾ." ಎದುರು ಮನೆಯ ಹಿರಿಯರು, "ಹಿಂದಿನ ಜನ್ಮದ್ದು ಇರ್ತೈತಿ, ಉಣ್ಣಾಕ ಬೇಕು" ಎಂದು ಸಮಾಧಾನ ಹೇಳಿದರು. ಮತ್ತೊಬ್ಬರು, "ಗಾಳಿ ಅಂದ್ರ ಹಂಗ. ಅದಕ್ಕೇನು ಕಾರಣ ಇರ್ತೈತೇನು, ಸುಮ್ಮನ ಇರ್ರಿ" ಅಂದರು. ಮೂವರೂ ನಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಅದನ್ನು ಮರೆತು ಉತ್ತರ ಕೊಡಬಾರದು.

ಆದರೆ ಈ ಮೂರೂ ಉತ್ತರಗಳು ಹಳೆಯವು. ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿ ಭಗವಾನರು ಇವನ್ನೇ ಒಂದೊಂದಾಗಿ ಎತ್ತಿಕೊಂಡು ಪರೀಕ್ಷೆ ಮಾಡುತ್ತಾರೆ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವವರು ಒಂದು ಕಡೆ. ಎಲ್ಲ ಈಶ್ವರನ ಇಚ್ಛೆ ಎನ್ನುವವರು ಇನ್ನೊಂದು ಕಡೆ. ಯಾವುದಕ್ಕೂ ಕಾರಣವೇ ಇಲ್ಲ ಎನ್ನುವವರು ಮತ್ತೊಂದು ಕಡೆ. ಮೂವರ ದಾರಿಯೂ ಕೊನೆಗೆ ಒಂದೇ ಜಾಗಕ್ಕೆ ತಲುಪುತ್ತದೆ ಎಂದು ಭಗವಾನರು ತೋರಿಸುತ್ತಾರೆ: ಇದನ್ನು ಮಾಡಬೇಕು, ಇದನ್ನು ಮಾಡಬಾರದು ಎಂಬ ವಿವೇಕವೇ ಸತ್ತುಹೋಗುತ್ತದೆ, ಮನುಷ್ಯ ಕೈಕಟ್ಟಿ ಕೂರುತ್ತಾನೆ.

ಸಂಯುತ್ತ ನಿಕಾಯದಲ್ಲಿ ಮೋಲಿಯ ಸೀವಕ ಎಂಬ ಪರಿವ್ರಾಜಕನೂ ಇದನ್ನೇ ಕೇಳುತ್ತಾನೆ. ಅವನಿಗೆ ಭಗವಾನರು ನೋವಿನ ಎಂಟು ಕಾರಣಗಳನ್ನು ಎಣಿಸಿ ಹೇಳುತ್ತಾರೆ. ಪಿತ್ತ, ಕಫ, ವಾತಗಳ ಜೊತೆ ಋತುವಿನ ಬದಲಾವಣೆಯೂ ಒಂದು ಕಾರಣ. ಕರ್ಮಫಲ ಎಂಟರಲ್ಲಿ ಒಂದು ಮಾತ್ರ. ಎಲ್ಲವನ್ನೂ ಹಿಂದಿನ ಕರ್ಮದ ತಲೆಗೆ ಕಟ್ಟುವುದು ತಪ್ಪು, ಅದು ಎಲ್ಲರ ಕಣ್ಣಿಗೆ ಕಾಣುವ ಸತ್ಯವನ್ನೇ ದಾಟಿಹೋಗುವುದು ಎಂದು ನೇರವಾಗಿ ತಿಳಿಸುತ್ತಾರೆ. ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಋತು ನಿಯಮ ಬೇರೆ, ಕರ್ಮ ನಿಯಮ ಬೇರೆ ಎಂದು ಬಿಡಿಸಿಟ್ಟಿದ್ದಾರೆ. ಮಳೆ, ಗಾಳಿ, ಬಿಸಿಲು ಋತು ನಿಯಮಕ್ಕೆ ಸೇರಿದವು. ಕರ್ಮ ಎಂದರೆ ನಾನು ಇವತ್ತು ಮಾಡುವ ಕೆಲಸ, ಅದರಿಂದ ನನಗೂ ನನ್ನ ಅಕ್ಕಪಕ್ಕದವರಿಗೂ ಆಗುವ ಒಳಿತು ಕೆಡುಕು.

*ನಮ್ಮೂರಿನ ಎರಡು ಉದಾಹರಣೆ ನೋಡೋಣ*

2024ರ ಮೇ ತಿಂಗಳ ಮಳೆಗೆ ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ಎಲ್ಲರೂ ಮಳೆ, ಹಳೆಯ ಕಂಬ, ದುರಸ್ತಿ ಎಂದು ಮಾತಾಡಿದರು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಎಂಜಿನಿಯರುಗಳು ಬಂದರು, ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು. ಚೈನ್ ಯಾಕೆ ತುಂಡಾಯಿತು, ಉಳಿದ ಗೇಟುಗಳ ಗತಿ ಏನು ಎಂದು ಇಡೀ ರಾಜ್ಯ ಕೇಳಿತು. ಸರಿಯಾದ ಪ್ರಶ್ನೆಯನ್ನೇ ಕೇಳಿತು.

ಕಲ್ಲಿನ ಮಂಟಪ ಬಿದ್ದರೆ ಕಂಬ ನೋಡುತ್ತಾರೆ. ಕಬ್ಬಿಣದ ಗೇಟು ಹೋದರೆ ಚೈನ್ ನೋಡುತ್ತಾರೆ. ನಮ್ಮ ಕೇರಿಯ ತಗಡು ಹಾರಿದರೆ ಮಾತ್ರ ನಮ್ಮ ಪಾಪ ಯಾಕೆ ನೋಡಬೇಕು? ನಮ್ಮ ಮನೆಗೂ ಅದೇ ಮರ್ಯಾದೆ ಬೇಕು. ನಮ್ಮ ಮನೆಗೂ ಕಾರಣ ಹುಡುಕಬೇಕು.

ಹುಡುಕಿದರೆ ಕಾರಣ ಕಣ್ಣಿಗೆ ಕಾಣುತ್ತದೆ. ಗಾಳಿ ತಗಡನ್ನು ಮೇಲಕ್ಕೆ ಎತ್ತುತ್ತದೆ. ಮೇಲೆ ಜೋರಾಗಿ ಹಾಯುವ ಗಾಳಿ ಸೆಳೆಯುತ್ತದೆ, ತೆರೆದ ಬಾಗಿಲಿನಿಂದ ಒಳಹೊಕ್ಕ ಗಾಳಿ ಕೆಳಗಿನಿಂದ ನೂಕುತ್ತದೆ. ಈ ಎಳೆತ ಅಂಚಿನಲ್ಲಿ, ಮೂಲೆಯಲ್ಲಿ ಹೆಚ್ಚು. ಮಾವನವರ ಕಾಲದ ನಮ್ಮ ಮನೆಯಲ್ಲಿ ನಡುವಿನ ತಗಡಿಗೆ ಹುಕ್ಕು ಇದ್ದವು, ಅಂಚಿನವು ಮೇಲೆ ಹೇರಿದ ಕಲ್ಲಿನ ಭಾರದಿಂದ ನಿಂತಿದ್ದವು. ಅತ್ತೆಗೆ ಇದನ್ನೇ ತೋರಿಸಿದೆ: "ಅತ್ತಿ, ಅಮ್ಮಗ ಸಿಟ್ಟು ಬಂದಿದ್ರ ಅಂಚಿನವು ಅಷ್ಟ ಯಾಕ ಹೋದ್ವು? ನಡುವಿನ ಎರಡು ಯಾಕ ಉಳದ್ವು? ಅವಕ್ಕ ಹುಕ್ಕು ಗಟ್ಟಿ ಇದ್ವು ನೋಡ್ರಿ." ಅವರು ತುಕ್ಕು ಹಿಡಿದ ಒಂದು ಹುಕ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಏನೂ ಅನ್ನಲಿಲ್ಲ. ಮರಿಯ ದುಡ್ಡಿಗೆ ಮನೆಗೆಲ್ಲ ಹೊಸ ಹುಕ್ಕು, ವಾಷರ್ ಬರುತ್ತವೆ ಎಂಬ ಲೆಕ್ಕ ಅವರಿಗೂ ತಿಳಿಯುತ್ತದೆ.

*ಕಾರಣ ಹುಕ್ಕಿಗೆ ನಿಲ್ಲುವುದಿಲ್ಲ*

ಪಟಿಚ್ಚ ಸಮುಪ್ಪಾದ ಅಂದರೆ ಒಂದು ಕಾರಣದ ಹಿಂದೆ ಇನ್ನೊಂದು ಕಾರಣವನ್ನು ನೋಡುತ್ತ ಹೋಗುವುದು. ಅಂಚಿಗೆ ಹುಕ್ಕು ಯಾಕೆ ಇರಲಿಲ್ಲ? ದುಡ್ಡು ಇರಲಿಲ್ಲ. ಮೂರು ತಲೆಮಾರು ದುಡಿದವರಿಗೆ ದುಡ್ಡು ಯಾಕೆ ಇರಲಿಲ್ಲ? ಇಲ್ಲಿ ಬಾಬಾಸಾಹೇಬರನ್ನು ಓದಬೇಕು. ಅಸ್ಪೃಶ್ಯರ ಮೇಲೆ ಹಳ್ಳಿಗಳು ಹೇರಿದ್ದ ಕಟ್ಟಳೆಗಳನ್ನು ಅವರು ಪಟ್ಟಿ ಮಾಡಿದ್ದಾರೆ. ಊರ ಹೊರಗೆ ಇರಬೇಕು, ಭೂಮಿ ದನ ಸಂಪಾದಿಸಬಾರದು ಎಂಬುದರ ಜೊತೆಗೆ ಮನೆಗೆ ಹೆಂಚು ಹೊದಿಸುವುದೂ ಆ ಪಟ್ಟಿಯಲ್ಲಿ ಅಪರಾಧ. ಹೆಂಚು! ಮಳೆಗೆ ತೊಯ್ಯದೆ ಮಲಗುವ ಆಸೆಯೂ ತಪ್ಪಾಗಿತ್ತು.

ಗಾಳಿಗೆ ಜಾತಿ ಇಲ್ಲ, ನಿಜ. ಆದರೆ ಯಾರ ತಲೆಯ ಮೇಲೆ ಆರ್‌ಸಿಸಿ, ಯಾರ ತಲೆಯ ಮೇಲೆ ಕಲ್ಲು ಹೇರಿದ ತಗಡು ಎಂಬುದನ್ನು ತೀರ್ಮಾನಿಸಿದ್ದು ಗಾಳಿಯಲ್ಲ, ಮನುಷ್ಯರು. ಮನುಷ್ಯರು ಮಾಡಿದ್ದನ್ನು ಮನುಷ್ಯರು ತಿದ್ದಬಹುದು. 'ಹಣೆಬರಹ' ಎಂದು ಹೇಳಿದ ಕ್ಷಣ ಆ ಬಾಗಿಲು ಮುಚ್ಚುತ್ತದೆ.

ಆದ್ದರಿಂದ ಪರಿಹಾರದ ಅರ್ಜಿ ಹಾಕಲು ನಾಚಬೇಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಮನೆ ಹಾನಿಗೆ ನೆರವನ್ನೂ ಕನಿಷ್ಠ ಪರಿಹಾರದಲ್ಲಿ ಸೇರಿಸಿದೆ. ಅದು ಯಾರದೋ ಭಿಕ್ಷೆಯಲ್ಲ. 2022–23ರಿಂದ 2025–26ರ ಅವಧಿಗೆ ಕೇಂದ್ರ ಗೊತ್ತುಮಾಡಿದ ಮಾನದಂಡದಲ್ಲಿ, ಶೇ 15ರಷ್ಟಾದರೂ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000, ಗುಡಿಸಲಿಗೆ 8,000, ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ ಇತ್ತು. 6,500ಕ್ಕೆ ಇಡೀ ಮಾಡು ಆಗುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಅರ್ಜಿ ಹಾಕಬೇಕು. ಬರೆಸದ ಹಾನಿ ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ ಮನೆ ಮುಂದಿನ ವಸತಿ ಪಟ್ಟಿಯ ಮಾತು ಬಂದಾಗಲೂ ಹಿಂದೆ ಬೀಳುತ್ತದೆ.

*ಘಟೀಕಾರನ ಮಾಡು*

ಇನ್ನು ಎರಡನೇ ಪ್ರಶ್ನೆ. ಮೂರು ಮನೆಗಳ ತಗಡು ಹೋಗಿವೆ, ಮೊದಲು ಯಾವ ಮನೆ?

ಮಜ್ಝಿಮ ನಿಕಾಯದಲ್ಲಿ ಘಟೀಕಾರ ಎಂಬ ಕುಂಬಾರನ ಕಥೆ ಇದೆ. ಅವನ ತಂದೆತಾಯಿ ಕುರುಡರು, ಮುದುಕರು. ಅವರನ್ನು ಸಾಕುತ್ತ ಮಡಕೆ ಮಾಡಿಕೊಂಡಿದ್ದ. ಹಿಂದಿನ ಬುದ್ಧರಾದ ಕಸ್ಸಪರ ಕುಟಿ ಒಮ್ಮೆ ಸೋರತೊಡಗಿತು. ಘಟೀಕಾರನ ಮನೆಯಲ್ಲಿ ಹುಲ್ಲು ಇದೆಯೇ ನೋಡಿ ಎಂದು ಅವರು ಭಿಕ್ಖುಗಳನ್ನು ಕಳಿಸಿದರು. ಹುಲ್ಲು ಇರಲಿಲ್ಲ, ಅವನ ಕೆಲಸದ ಕೊಟ್ಟಿಗೆಯ ಮೇಲೆ ಹೊದಿಸಿದ್ದು ಮಾತ್ರ ಇತ್ತು. ಹಾಗಾದರೆ ಅದನ್ನೇ ತನ್ನಿ ಎಂದರು. ಭಿಕ್ಖುಗಳು ಬಿಚ್ಚುವಾಗ ಒಳಗಿದ್ದ ಕುರುಡು ತಂದೆತಾಯಿ ಯಾರೆಂದು ಕೇಳಿದರು, ಸಂಗತಿ ತಿಳಿದು ಸಂತೋಷದಿಂದ ಒಯ್ಯಲು ಹೇಳಿದರು. ಘಟೀಕಾರ ಮನೆಗೆ ಬಂದು, ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟರಲ್ಲ ಎಂದು ದಿನಗಟ್ಟಲೆ ಹಿಗ್ಗಿದ. ಮೂರು ತಿಂಗಳು ಆ ಕೊಟ್ಟಿಗೆಗೆ ಆಕಾಶವೇ ಮಾಡಾಗಿತ್ತು, ಆದರೂ ಮಳೆ ಒಳಗೆ ಬೀಳಲಿಲ್ಲ ಎಂದು ಸುತ್ತ ಹೇಳುತ್ತದೆ.

ಮಳೆ ಬೀಳದ ಪವಾಡವನ್ನು ನಾವು ನಂಬಬೇಕಾಗಿಲ್ಲ. ನಮ್ಮ ತಗಡು ಹೋದ ರಾತ್ರಿ ಮಳೆ ಒಳಗೇ ಬಿತ್ತು. ನಾನು ಈ ಕಥೆಯಲ್ಲಿ ನೋಡುವುದು ಬೇರೆ. ಬಿಚ್ಚಿದ್ದು ಕೆಲಸದ ಕೊಟ್ಟಿಗೆಯ ಹುಲ್ಲನ್ನು. ತಡೆದುಕೊಳ್ಳಬಲ್ಲ ಕಡೆಯಿಂದ ತೆಗೆದು, ತಡೆದುಕೊಳ್ಳಲಾಗದ ಕಡೆಗೆ ಹಾಕಿದರು. ಮತ್ತು ಕೇಳುವಾಗ ಸಂಕೋಚ ಇರಲಿಲ್ಲ, ಕೊಡುವಾಗ ಲೆಕ್ಕ ಇರಲಿಲ್ಲ. ಒಬ್ಬರ ಮಾಡು ಇನ್ನೊಬ್ಬರ ಮಾಡೂ ಹೌದು ಎಂಬ ನಂಬಿಕೆ ಇದ್ದ ಕಡೆ ಸಂಘ ಇರುತ್ತದೆ.

ನಮ್ಮ ಮೂರು ಮನೆಗಳಲ್ಲಿ ಒಂದರಲ್ಲಿ ಹದಿನೈದು ದಿನದ ಬಾಣಂತಿ ಇದ್ದಳು. ನಮ್ಮಲ್ಲಿ ಇದ್ದದ್ದು ಒಂದೇ ತಾಡಪತ್ರಿ. ಅಡುಗೆ ಕೋಣೆಯ ಮೇಲೆ ತಗಡು ಉಳಿದಿತ್ತು, ಐದು ಜನ ಅಲ್ಲೇ ಒತ್ತಿಕೊಂಡು ಮಲಗಬಹುದಿತ್ತು. ತಾಡಪತ್ರಿ ಬಾಣಂತಿ ಮನೆಗೆ ಹೋಯಿತು. ತೆಗೆದುಕೊಂಡು ಹೋಗಿ ಕೊಟ್ಟವರು ನಮ್ಮ ಅತ್ತೆಯೇ. "ಕೂಸು ಐತಿ, ಮೊದ್ಲು ಅಲ್ಲಿ" ಎಂದರು. ದೀಕ್ಷೆ ಇಲ್ಲ, ಸುತ್ತ ಓದಿಲ್ಲ, ಆದರೆ ಘಟೀಕಾರನ ಮಾತು ಅವರ ಬಾಯಲ್ಲಿ ಬಂತು.

ಭಾನುವಾರ ನಮ್ಮ ಅಧ್ಯಯನ ಬಳಗ ತಿಸರಣ, ಪಂಚಶೀಲ ಹೇಳಿ ಪುಸ್ತಕ ಮುಚ್ಚಿಟ್ಟಿತು. ಗಂಡಸರು ಪೈಪು ಬಿಗಿದರು, ಹೆಂಗಸರು ತಗಡು ಹೊತ್ತು ಕೊಟ್ಟೆವು. ಮೊದಲು ಬಾಣಂತಿ ಮನೆ, ಆಮೇಲೆ ಒಂಟಿ ಅಜ್ಜಿಯ ಮನೆ, ಕೊನೆಗೆ ನಮ್ಮದು. ಭಿಕ್ಖುಗಳಿಗೂ ಇದು ಕೀಳು ಕೆಲಸವಾಗಿರಲಿಲ್ಲ. ಇಟ್ಟಿಗೆ ಹೆಂಚು, ಕಲ್ಲು, ಗಾರೆ, ಹುಲ್ಲು, ಎಲೆ ಎಂದು ಐದು ಬಗೆಯ ಹೊದಿಕೆಯನ್ನು ವಿನಯ ಪಿಟಕವೇ ಒಪ್ಪಿದೆ. ವಸತಿ ಎಂಬುದು ಅನ್ನ, ಬಟ್ಟೆ, ಔಷಧಿಯ ಸಾಲಿನಲ್ಲಿ ನಿಲ್ಲುವ ನಾಲ್ಕು ಅಗತ್ಯಗಳಲ್ಲಿ ಒಂದು.

ಕೆಲಸ ಮುಗಿದ ಮೇಲೆ ಅತ್ತೆ ಹುಲಿಗಿ ದಿಕ್ಕಿಗೆ ತಿರುಗಿ ಕೈಮುಗಿದರು. ಮರಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು ನಾನು ತೆಗೆದುಕೊಂಡವು, ಪಾಲಿಸಬೇಕಾದವಳು ನಾನು. ಹಿರಿಯರ ಭಯವನ್ನು ಬೈದು ಓಡಿಸಲಾಗದು. ಮಾಡು ಗಟ್ಟಿಯಾದಷ್ಟೂ ಭಯ ತಾನೇ ಸಡಿಲವಾಗುತ್ತದೆ.

*ಇಂದಿನ ಅಭ್ಯಾಸ*

1. ಇವತ್ತೇ ನಿಮ್ಮ ಮನೆಯ ಅಂಚಿನ ತಗಡುಗಳ ಹುಕ್ಕು ನೋಡಿ. ಮೇಲೆ ಹೇರಿದ ಕಲ್ಲು ಬಿದ್ದರೆ ತಲೆಗೇ ಪೆಟ್ಟು. ಅದರ ಬದಲು ಹುಕ್ಕು ಬಿಗಿಸಿ.

2. ಗಾಳಿ ಎದ್ದಾಗ ಬಾಗಿಲು ಕಿಟಕಿ ಮುಚ್ಚಿ. ತಂತಿ ಹರಿದು ಬಿದ್ದಿದ್ದರೆ ಮುಟ್ಟಬೇಡಿ, ಜೆಸ್ಕಾಂ 1912ಕ್ಕೆ ಫೋನ್ ಮಾಡಿ. ಒಡೆದ ಹಳೆಯ ಸಿಮೆಂಟ್ ಶೀಟಿನ ಧೂಳು ಎದೆಗೆ ಕೆಟ್ಟದ್ದು, ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ ಎತ್ತಿ.

3. ಹಾನಿಯಾದರೆ ತೆರವು ಮಾಡುವ ಮೊದಲು ಫೋಟೊ ತೆಗೆದಿಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆ ಕಂದಾಯದ ರಶೀದಿ ಜೊತೆ ನಾಡಕಚೇರಿಗೆ ಅಥವಾ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಓದುಬರಹ ಬಾರದ ಒಬ್ಬರ ಅರ್ಜಿಯನ್ನು ನೀವೇ ಬರೆದುಕೊಡಿ.

4. ಯಾರಾದರೂ 'ನಿಮಗೇ ಯಾಕೆ ಹಿಂಗಾತು' ಎಂದು ಕೇಳಿದರೆ ಸಿಟ್ಟಾಗಬೇಡಿ. ಹುಕ್ಕು ತೋರಿಸಿ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಮೈತ್ರಿ ಭಾವನೆ ಮಾಡೋಣ. ಇವತ್ತು ತಲೆಯ ಮೇಲೆ ಮಾಡಿಲ್ಲದೆ ಮಲಗುವ ಎಲ್ಲರನ್ನೂ ನೆನೆಯೋಣ. ನಾಳೆ ಅವರಲ್ಲಿ ಒಬ್ಬರ ಮನೆಗೆ ಏಣಿ ತೆಗೆದುಕೊಂಡು ಹೋಗೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈಭೀಮ್.