ಒಂದೇ ಬಂಡೆಯ ಮೇಲಣ ಎರಡು ದೀಪಸ್ತಂಭಗಳು

ಒಬ್ಬನು ಬಂಡೆಯ ಮೇಲೂ ಮತ್ತೊಬ್ಬನು ಉಸುಬಿನ ಮೇಲೂ ಮನೆ ಕಟ್ಟಿದ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಬಂಡೆಯ ಮೇಲೆಯೇ ಕಟ್ಟಿದ್ದು ಬಿದ್ದುಹೋದ ಸಂಗತಿಯೊಂದನ್ನು ಈಗ ಆಲೋಚಿಸೋಣ.

ಅಮೇರಿಕಾ ದೇಶದ ಬಾಸ್ಟನ್ ಪಟ್ಟಣಕ್ಕೆ ಆಗ್ನೇಯದಲ್ಲಿ, ಸಮುದ್ರದೊಳಗೆ, ಮೈನಟ್ ಎಂಬ ಬಂಡೆಯುಂಟು. ಅದಕ್ಕೆ ತಗಲಿ ಅನೇಕ ಹಡಗುಗಳು ಒಡೆದುಹೋದವು. ಆದದರಿಂದ ಬಂಡೆಯಲ್ಲಿ 5 ಅಡಿ ಆಳದ ಕುಳಿಗಳನ್ನು ಕೊರೆದು, 9 ಕಬ್ಬಿಣದ ಕಂಬಗಳನ್ನು ನೆಟ್ಟು, ಅವುಗಳ ತುದಿಯಲ್ಲಿ ಕಾವಲುಗಾರರ ಮನೆಯನ್ನೂ ದೀಪವನ್ನೂ ಇರಿಸಿದರು. ತೆರೆಗಳು ಕಂಬಗಳ ನಡುವೆ ಹಾದುಹೋಗುವವೆಂದು ನೆನಸಿದರು. 1850ನೇ ಇಸವಿ ಜನವರಿ 1ರಂದು ದೀಪವನ್ನು ಹೊತ್ತಿಸಿದರು. ಸ್ತಂಭವು ಗಾಳಿಗೆ ತೂಗಾಡುವದೆಂದು ಮೊದಲನೆಯ ಕಾವಲುಗಾರನು ಎಚ್ಚರಿಸಿದರೂ ಮೇಲಿನವರು ಕಿವಿಗೊಡಲಿಲ್ಲ. ಅವನು ಕೆಲಸ ಬಿಟ್ಟನು.

1851ನೇ ಇಸವಿ ಏಪ್ರಿಲ್ 16ರ ರಾತ್ರಿ ಮಹಾ ಬಿರುಗಾಳಿ ಬೀಸಿತು. ಮುಖ್ಯ ಕಾವಲುಗಾರನು ದಡದಲ್ಲಿದ್ದನು. ಸ್ತಂಭದಲ್ಲಿದ್ದವರು ಜೋಸೆಫ್ ವಿಲ್ಸನ್, ಜೋಸೆಫ್ ಆಂಟ್ವಾನ್ ಎಂಬ ಸಹಾಯಕರು. ಇಬ್ಬರಿಗೂ ಯೋಸೇಫನೆಂದೇ ಹೆಸರು. ನಡುರಾತ್ರಿ ಕಳೆದ ಮೇಲೂ ಅಲ್ಲಿಯ ಗಂಟೆಯ ಶಬ್ದವು ದಡದವರಿಗೆ ಕೇಳಿಸಿತು. ಬೆಳಗಾದಾಗ ದೀಪವೂ ಇಲ್ಲ, ಮನೆಯೂ ಇಲ್ಲ. ಬಾಗಿ ಮುರಿದ ಕಂಬಗಳ ಮೋಟುಗಳು ಮಾತ್ರ ಉಳಿದಿದ್ದವು. ಇಬ್ಬರೂ ಪ್ರಾಣ ಬಿಟ್ಟಿದ್ದರು.

ನೋಡಿರಿ, ಬಂಡೆಯು ಕದಲಲಿಲ್ಲ. ತನ್ನಲ್ಲಿ ನೆಟ್ಟದ್ದನ್ನು ಬಿಟ್ಟುಕೊಡಲಿಲ್ಲ. ಮೇಲೆ ಭಾರವಾಗಿಯೂ ಕೆಳಗೆ ಬರಿದಾಗಿಯೂ ಇದ್ದದ್ದೇ ಮುರಿಯಿತು. ನಮಗೂ ದೀಕ್ಷಾಸ್ನಾನವಾಗಿದೆ, ಸಭೆಯ ಪಟ್ಟಿಯಲ್ಲಿ ಹೆಸರಿದೆ. ಆದರೆ ಮನೆಯಲ್ಲಿ ಪ್ರಾರ್ಥನೆಯಿಲ್ಲದೆ, ನೆರೆಯವನ ಸಂಗಡ ಸಮಾಧಾನವಿಲ್ಲದೆ, ಬಾಯಲ್ಲಿ ಮಾತ್ರ ದೊಡ್ಡ ಮಾತಿದ್ದರೆ, ಬರ ಬಂದ ವರುಷ ಅಥವಾ ಮಗುವು ಸತ್ತ ರಾತ್ರಿ ನಾವು ಹೇಗೆ ನಿಲ್ಲುವೆವು?

ಆ ಬಂಡೆಯನ್ನು ಜನರು ತೊರೆಯಲಿಲ್ಲ. 1855ರಲ್ಲಿ ಅದೇ ಸ್ಥಳದಲ್ಲಿ ತಿರಿಗಿ ಕೆಲಸ ಹಿಡಿದರು. ಸಮುದ್ರವು ಇಳಿದಿದ್ದ ಸ್ವಲ್ಪ ಹೊತ್ತು ಮಾತ್ರ ಬಂಡೆಯ ಮೇಲೆ ಕೆಲಸ ಸಾಗುತ್ತಿತ್ತು. ಒಂದು ಕಲ್ಲು ಇನ್ನೊಂದನ್ನು ಕಚ್ಚಿ ಹಿಡಿಯುವಂತೆ ಗಟ್ಟಿ ಕಗ್ಗಲ್ಲುಗಳನ್ನು ಕೆತ್ತಿ, ಅಡಿಯವುಗಳನ್ನು ಬಂಡೆಗೇ ಬಿಗಿದು, ಕೆಳಗಿನ 40 ಅಡಿಯನ್ನು ಟೊಳ್ಳಿಲ್ಲದೆ ಕಟ್ಟಿದರು. 1860ರಲ್ಲಿ ದೀಪವು ಮತ್ತೆ ಬೆಳಗಿತು. ಆ ಸ್ತಂಭವು ಇಂದಿಗೂ ನಿಂತಿದೆ.

ಪ್ರಿಯರೇ, ಬಿದ್ದವರಿಗೆ ಬೇರೆ ಬಂಡೆ ಬೇಡ. ಇದ್ದ ಬಂಡೆಯೇ ಸಾಕು. ಅದರ ಮೇಲೆ ಪ್ರತಿದಿನವೂ ಒಂದೊಂದು ಕಲ್ಲನ್ನಿಟ್ಟು, ಒಬ್ಬರನ್ನೊಬ್ಬರು ಹಿಡಿದುಕೊಂಡು ಕಟ್ಟಲ್ಪಡೋಣ. ಆ ಇಬ್ಬರು ಯೋಸೇಫರಂತೆ ನಮ್ಮ ಪಾಲಿನ ದೀಪವನ್ನು ಕಡೆಯ ವರೆಗೂ ಕಾಯೋಣ. ಕರ್ತನು ಅದಕ್ಕೆ ಬಲವನ್ನು ಅನುಗ್ರಹಿಸಲಿ. ಆಮೆನ್.