ತಂತಿಯಿಲ್ಲದ ವೀಣೆ: ಸ್ವರ ಎಲ್ಲಿದೆ?



*ಇಂದಿನ ಧಮ್ಮ ಚಿಂತನೆ*



ವಿಜ್ಞಾನದಲ್ಲಿ ಆಸಕ್ತಿ ಇರುವ ಹುಡುಗರು ಮನೆಯಲ್ಲೇ ಕಟ್ಟುವ ಒಂದು ವಾದ್ಯವಿದೆ, ಲೇಸರ್ ಹಾರ್ಪ್. ಫ್ರಾನ್ಸಿನ ಸಂಗೀತಗಾರ ಝಾಂ-ಮಿಶೆಲ್ ಝಾರ್ 1980ರ ದಶಕದಲ್ಲಿ ದೊಡ್ಡ ವೇದಿಕೆಗಳಲ್ಲಿ ನುಡಿಸಿ ಅದನ್ನು ಜನಪ್ರಿಯಗೊಳಿಸಿದರು. ಅದಕ್ಕೆ ತಂತಿಯೇ ಇಲ್ಲ. ಕಟ್ಟಿಗೆಯ ಚೌಕಟ್ಟಿನ ಮೇಲೆ ಏಳು ಸಣ್ಣ ಲೇಸರ್ ದೀಪ, ಪ್ರತಿಯೊಂದರ ಎದುರಿಗೆ ಕೆಳಗೆ ಬೆಳಕನ್ನು ಗುರುತಿಸುವ ಒಂದು ಎಲ್‌ಡಿಆರ್. ಅಲ್ಲಿಂದ ವೈರ್ ಎಳೆದು ಆರ್ಡುಯಿನೊ ಬೋರ್ಡಿಗೆ, ಬೋರ್ಡಿನಿಂದ ಸ್ಪೀಕರಿಗೆ ಜೋಡಿಸುತ್ತಾರೆ. ಕಿರಣಕ್ಕೆ ಕೈ ಅಡ್ಡ ಹಿಡಿದರೆ ಎಲ್‌ಡಿಆರ್ ಮೇಲೆ ಕತ್ತಲು ಬೀಳುತ್ತದೆ, ಅದರ ವಿದ್ಯುತ್ ರೋಧ ಏರುತ್ತದೆ, ಬೋರ್ಡು ಅದನ್ನು ಗುರುತಿಸಿ ಆ ಕಿರಣದ ಸ್ವರವನ್ನು ನುಡಿಸುತ್ತದೆ. (ಕಟ್ಟುವವರು ನೆನಪಿಡಿ: ಲೇಸರ್ ಎಂದೂ ಕಣ್ಣಿಗೆ ಬೀಳಬಾರದು.)

ಕೈ ಏನನ್ನೂ ಮುಟ್ಟಲಿಲ್ಲ, ಆದರೂ ಸ್ವರ ಕೇಳಿತು. ಹಾಗಾದರೆ ಸ್ವರ ಎಲ್ಲಿತ್ತು? ಲೇಸರಿನಲ್ಲೋ, ಕೈಯಲ್ಲೋ, ಸ್ಪೀಕರಿನಲ್ಲೋ?

ಈ ಪ್ರಶ್ನೆ ಹೊಸದಲ್ಲ. ಸಂಯುತ್ತ ನಿಕಾಯದಲ್ಲಿ ತಥಾಗತರು ಒಬ್ಬ ರಾಜನ ದೃಷ್ಟಾಂತ ಹೇಳುತ್ತಾರೆ. ವೀಣೆಯನ್ನೇ ಕೇಳಿರದ ಆ ರಾಜ ಅದರ ನಾದಕ್ಕೆ ಮರುಳಾಗಿ, "ನನಗೆ ವೀಣೆ ಬೇಡ, ಆ ನಾದವನ್ನು ತಂದುಕೊಡಿ" ಎಂದು ಹಟ ಹಿಡಿದ. ಕಟ್ಟಿಗೆ, ಚರ್ಮ, ತಂತಿ, ನುಡಿಸುವವನ ಶ್ರಮ ಎಲ್ಲ ಕೂಡಿದರೆ ಮಾತ್ರ ನಾದ ಎಂದರೂ ಕೇಳದೆ ವೀಣೆಯನ್ನು ಚೂರು ಚೂರು ಮಾಡಿ, ಸುಟ್ಟು, ಬೂದಿಯನ್ನು ಗಾಳಿಗೆ ತೂರಿದ. ನಾದ ಸಿಗಲಿಲ್ಲ. 'ನಾನು', 'ನನ್ನದು' ಎಂಬುದೂ ಹೀಗೆಯೇ, ಹುಡುಕಿದರೆ ಸಿಗದು. ಕಾರಣಗಳು ಕೂಡಿದಾಗ ಹುಟ್ಟುತ್ತದೆ, ಕಾರಣಗಳು ಅಳಿದರೆ ಅಳಿಯುತ್ತದೆ. ಇದೇ ಪಟಿಚ್ಚ ಸಮುಪ್ಪಾದ.

ನಮ್ಮ ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನೇ ನೋಡಿ. ದೂರದಿಂದ ಮಲಗಿದ ಬುದ್ಧರು ಕಾಣುತ್ತಾರೆ. ಹತ್ತಿರ ಹೋದರೆ ಬರೀ ಬಂಡೆಗಳು. ಬೆಟ್ಟ, ದೂರ, ನೋಡುವ ಕಣ್ಣು ಮೂರೂ ಕೂಡಿದರೆ ಮಾತ್ರ ಆ ರೂಪ.

ಈಗ ಜಾತಿಯನ್ನು ಹುಡುಕೋಣ. ರಕ್ತದಲ್ಲಿಲ್ಲ, ಎಲುಬಿನಲ್ಲಿಲ್ಲ, ಚರ್ಮದಲ್ಲಿಲ್ಲ. ಲೇಸರ್ ವಾದ್ಯಕ್ಕೆ ಯಾರ ಕೈ ಅಡ್ಡ ಬಂದರೂ ಅದೇ ಸ್ವರ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ತೋರಿಸಿಕೊಟ್ಟದ್ದೂ ಇದನ್ನೇ: ಜಾತಿ ಕೆಡವಲು ನಿಂತ ಇಟ್ಟಿಗೆ ಗೋಡೆಯಲ್ಲ, ಮನಸ್ಸಿನಲ್ಲಿ ಕೂತ ಭಾವನೆ.

ಹಾಗಾದರೆ ಜಾತಿಯೂ ಸುಳ್ಳು, ಅದರ ನೋವೂ ಸುಳ್ಳೇ? ಅಲ್ಲ. ರಾಜನಿಗೆ ಬೂದಿಯಲ್ಲಿ ನಾದ ಸಿಗಲಿಲ್ಲ, ಆದರೆ ಕಿವಿಗೆ ಬಿದ್ದದ್ದು ನಿಜ. ಹಲಗಿ ಬಾರಿಸುವುದನ್ನು ಹುಟ್ಟಿಗೆ ಗಂಟುಹಾಕಿ, ಬಾರಿಸಿದವನನ್ನೇ ಗುಡಿಯ ಹೊರಗೆ ನಿಲ್ಲಿಸಿದ್ದು ನಿಜ. ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟದ್ದು ನಿಜ. "ಈಗೆಲ್ಲಿದೆ ಜಾತಿ?" ಎಂದು ಕೇಳಿದರೆ ಅದು ಹೋಗುವುದಿಲ್ಲ. ವಾದ್ಯ ನಿಲ್ಲಬೇಕಾದರೆ ಒಂದು ವೈರ್ ಆದರೂ ಕೀಳಬೇಕು.

ಆ ವೈರ್ ಬೇರೆಯವರ ಮನೆಯಲ್ಲಿ ಮಾತ್ರ ಇದೆಯೇ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದೂ ಒಂದು. ನಾವು ತಿಸರಣ ಹೇಳುತ್ತೇವೆ, ಪಂಚಶೀಲ ಹೇಳುತ್ತೇವೆ. ಮಗಳ ಮದುವೆಯ ಮಾತು ಬಂದ ಕೂಡಲೇ ಮೆಲ್ಲಗೆ ಕೇಳುತ್ತೇವೆ, "ಅವರು ನಮ್ಮೊಳಗಿನವರೇ ಹೌದಲ್ಲ?" ಒಳಜಾತಿಯ ಆ ಒಂದು ಪ್ರಶ್ನೆಯಿಂದ ಹಳೆಯ ಸ್ವರ ನಮ್ಮ ಮನೆಯಲ್ಲೇ ಮತ್ತೆ ನುಡಿಯುತ್ತದೆ. ಅದನ್ನು ನುಡಿಸುವ ಕೈ ನಮ್ಮದೇ.

*ಇಂದಿನ ಅಭ್ಯಾಸ:* ಐದು ನಿಮಿಷ ಆನಾಪಾನ ಮಾಡಿ. ನಂತರ ನಿಮ್ಮನ್ನೇ ಕೇಳಿಕೊಳ್ಳಿ: ಜಾತಿ ಎಂಬ ವಾದ್ಯಕ್ಕೆ ನನ್ನ ಮನೆಯಿಂದ ಹೋಗಿರುವ ವೈರ್ ಯಾವುದು? ಇಂದು ಅದೊಂದನ್ನು ಕೀಳಿ.

ಓದಿ, ಮನೆಯವರಿಗೂ ಓದಿ ಹೇಳಿ, ಬಂಧುಗಳಿಗೆ ಕಳುಹಿಸಿ.

ಭವತು ಸಬ್ಬ ಮಂಗಲಂ 🌸
ಜೈ ಭೀಮ್